ಸೀಳುನಾಯಿಯ ತವರು

ತೊಂಬತ್ತರ ದಶಕದ ಕೊನೆಯ ಬೇಸಿಗೆ. ಸರಸ್ವತಿಪುರಂನ ಬಾಡಿಗೆ ಮನೆಯ ತಾರಸಿಯಲ್ಲಿ ಓನರ್ ಅಮ್ಮನ ಸಂಡಿಗೆ, ಕಾಗೆ ಮುಟ್ಟದ ಹಾಗೆ ಹಳೇ ಸೀರೆ ಹೊದ್ದು, ಬಿಸಿಲಿಗಿತ್ತು. ಟ್ಯಾಂಕಿನ ನೆರಳಲ್ಲಿ, ಕಬಿನಿ ಹಿನ್ನೀರಿನ ದಡದಿಂದ ನಾನು ಡಿಎನ್‌ಎ ಸಂಶೋಧನೆಗೆಂದು ತಂದ ಸೀಳುನಾಯಿಗಳ ಹಿಕ್ಕೆ ಒಣಗುತ್ತಿತ್ತು.

“ಇದ್ರಿಂದ ಏನಮ್ಮ ಗೊತ್ತಾಗುತ್ತೆ?” ಸಂಡಿಗೆ ನೋಡಲು ಬಂದ ಅಮ್ಮ ಮೂಗಿಗೆ ಸೆರಗು ಹಿಡಿದೇ ಕೇಳಿದರು.

ಬೇಗ ಕೆಳಗಿಳಿಯಲಿ ಎಂದು ಚುಟುಕಾಗಿ ಹೇಳಿದೆ: “ಕಬಿನಿ ದಡದ ಈ ಸೀಳುನಾಯಿಯ ತಾಯಿಯ ತಾಯಿಯ ತಾಯಿ ಯಾವ ಸೀಮೆಯವಳು ಅಂತ. ಕಾಡುಗಳೆಲ್ಲ ಒಂದಕ್ಕೊಂದು ಸೇರಿಕೊಂಡಿದ್ದಾಗ ಎಲ್ಲಿಂದ ಬಂದಳು ಅಂತ.”

ಅವರು ಸೆರಗು ಇಳಿಸಿದರು. “ನನ್ನ ತವರೂ ಆ ದಡದಲ್ಲೇ ಇತ್ತು. ಅಣೆಕಟ್ಟು ಕಟ್ಟಿದಾಗ ಮುಳುಗೋಯ್ತು.”

ಬಿಸಿಲಿಗೆ ತಾರಸಿ ನೀರಿನಂತೆ ಅಲುಗುತ್ತಿತ್ತು, ಅಡಿಯಲ್ಲೊಂದು ಊರು ಇರುವ ಹಾಗೆ.

ಮರುದಿನ ಸಂಡಿಗೆಗೆ ಹೊದಿಸಿದ್ದ ಹಳೇ ಸೀರೆ ಹಿಕ್ಕೆಯ ಮೇಲಿತ್ತು. ಕಾಗೆಗಳು ಸಂಡಿಗೆ ಹೊತ್ತೊಯ್ಯುತ್ತಿದ್ದವು. ಹಿಕ್ಕೆಯ ಪಕ್ಕ ಕೂತಿದ್ದ ಅಮ್ಮ ಓಡಿಸಲಿಲ್ಲ.