ಕಪ್ಪು ಕಂಡರೆ ಆನೆ

ಯಳಂದೂರಿನಲ್ಲಿ ಬೆಳಗಿನ ಬಸ್ಸು ಹತ್ತುವಾಗಲೇ ನನ್ನ ತಲೆ ಕೆಟ್ಟಿತ್ತು. ಹಿಂದಿನ ದಿನ ಹೂಗ್ಯಂನಿಂದ ಅಕ್ಕ ಫೋನು ಮಾಡಿ ಅತ್ತಿದ್ದಳು. ಅವಳ ಗಂಡ ಮಾದಪ್ಪ ಭಾವ ಊರಿನ ಕಾವಲುಗಾರ. ಸಂಜೆ ಬಂಡೆ ಹತ್ತಿ, ಶಾಖ ತೋರಿಸುವ ಕ್ಯಾಮೆರಾದಲ್ಲಿ ಹೊಲಗಳನ್ನೆಲ್ಲ ನೋಡಿ, ಆನೆ ಇಲ್ಲವೆಂದರೆ ಟಾರ್ಚು ಬೀಸುವುದು ಅವನ ಕೆಲಸ. ಟಾರ್ಚು ಕಂಡ ಮೇಲೆಯೇ ಜನ ಮೋಟರು ಹಾಕಲು ತೋಟಕ್ಕೆ ಇಳಿಯುತ್ತಾರೆ. ಹೋದ ತಿಂಗಳು ಒಂದು ಸಂಜೆ ಆ ಟಾರ್ಚು ನಂಬಿ ಪಕ್ಕದ ಮನೆಯ ಪುಟ್ಟಮ್ಮ ತನ್ನ ಬಾಳೆತೋಟಕ್ಕೆ ಹೋದಳು. ಆನೆ ಅಲ್ಲೇ ನಿಂತಿತ್ತು. ಅವಳ ಹೆಣವನ್ನು ಊರಿಗೆ ತಂದರು.

ಅಂದಿನಿಂದ ಊರು ಭಾವನ ಜೊತೆ ಮಾತು ಬಿಟ್ಟಿತ್ತು. ಕುಡಿದು ಕೂತಿದ್ದ, ಕ್ಯಾಮೆರಾ ನೋಡದೆಯೇ ಟಾರ್ಚು ಬೀಸಿದ ಎಂದು ಎಲ್ಲರ ಬಾಯಲ್ಲೂ ಅದೇ. ಭಾವ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. "ನೋಡಿದ್ದೆ ಅಂದ್ರೆ ಒಬ್ರೂ ನಂಬಕಿಲ್ಲ ಕಣ್ಲಾ. ನೀನು ಕ್ಯಾಮೆರಾ ರಿಪೇರಿಯೋನಲ್ವಾ, ಬಂದು ಅದ್ಕೇನಾಗದೆ ನೋಡು" ಎಂದಿದ್ದಳು ಅಕ್ಕ. ಯಳಂದೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿಯಿದೆ. ಮದುವೆ ಫೋಟೋದವರ ಕ್ಯಾಮೆರಾ, ಬೈನಾಕ್ಯುಲರು, ಇಂಥವನ್ನು ಬಿಚ್ಚಿ ಕೂಡಿಸುವುದು ನನ್ನ ಬದುಕು. ಶಟರ್ ಎಳೆದು ಹೊರಟೆ.

ಕೊಳ್ಳೇಗಾಲದವರೆಗೆ ಅರ್ಧ ಗಂಟೆಯ ದಾರಿ. ಹೆಂಗಸರಿಗೆ ಬಿಟ್ಟಿ ಬಸ್ಸು, ಸೀಟೆಲ್ಲ ಅವರದೇ, ಹಾಗಾಗಿ ದುಡ್ಡು ಕೊಟ್ಟು ಟಿಕೆಟ್ ತೆಗೆದ ನಾನು ರೇಷ್ಮೆಗೂಡಿನ ಮೂಟೆಯ ಮೇಲೆ ಒಂದು ಕಾಲು ಊರಿ ನಿಂತೆ. ಬೇಸಿಗೆ, ಬೆಳಿಗ್ಗೆಯೇ ಕುತ್ತಿಗೆ ಪಟ್ಟಿ ಒದ್ದೆ. ಇಳಿದವನು ಸ್ಟ್ಯಾಂಡಿನ ಎದುರು ಇಡ್ಲಿ ತಿಂದು, ಹೂಗ್ಯಂನವರಿಗೆ ಆ ಕ್ಯಾಮೆರಾ ಮಾರಿದ ಅಂಗಡಿ ಹುಡುಕಿಕೊಂಡು ಹೋದೆ.

ಅಂಗಡಿಯವನು ಉತ್ಸಾಹದಿಂದಲೇ ಅಂಥದೇ ಇನ್ನೊಂದು ಕ್ಯಾಮೆರಾ ತೋರಿಸಿದ. ಬಟನ್ ಒತ್ತಿದ ಹಾಗೆಲ್ಲ ಬಣ್ಣ ಬದಲಾಗುತ್ತದೆ. ಒಂದರಲ್ಲಿ ಬಿಸಿಯಾದದ್ದೆಲ್ಲ ಬಿಳಿ, ಇನ್ನೊಂದರಲ್ಲಿ ಬಿಸಿಯಾದದ್ದೆಲ್ಲ ಕಪ್ಪು, ಮತ್ತೊಂದರಲ್ಲಿ ಬಿಸಿಯಾದದ್ದು ಮಾತ್ರ ಕೆಂಪು, ಕೊನೆಗೆ ಕಾಮನಬಿಲ್ಲು. ಹೂಗ್ಯಂನವರಿಗೆ ಯಾವುದು ಹಾಕಿಕೊಟ್ಟಿರಿ ಎಂದು ಕೇಳಿದೆ. ಅವನು ನಗುತ್ತಾ ಹೇಳಿದ. ತರಬೇತಿಯ ದಿನ ಬಿಳಿ ಬಣ್ಣದಲ್ಲಿ ತೋರಿಸಿದರೆ ಅವರು ಒಪ್ಪಲಿಲ್ಲವಂತೆ, ಬಿಳಿ ಆನೆ ಇರುವುದು ಇಂದ್ರನ ಹತ್ತಿರ, ನಮ್ಮ ಕಾಡಿನ ಆನೆ ಕಪ್ಪು, ಕಪ್ಪಗೇ ಕಾಣಲಿ ಎಂದರಂತೆ. ಇವನು ಕಪ್ಪಿಗೆ ಹಾಕಿ, ಬೇರೆ ಬಟನ್ ಮುಟ್ಟಬೇಡಿ ಎಂದು ಲಾಕ್ ಮಾಡಿ ಕಳಿಸಿದನಂತೆ.

"ಕಪ್ಪು ಕಂಡರೆ ಆನೆ, ಕಾಣದಿದ್ದರೆ ಇಲ್ಲ. ಹಳ್ಳಿಯವರಿಗೆ ಇದಕ್ಕಿಂತ ಜಾಸ್ತಿ ಹೇಳಿದರೆ ಗೊಂದಲ ಸಾರ್."

ಪುಟ್ಟಮ್ಮನ ವಿಷಯ ಎತ್ತಿದೆ. ಮಷೀನು ಸರಿಯಾಗಿದೆ, ನೋಡುವವನು ನೋಡಬೇಕಲ್ಲ ಎಂದು ಕೈ ತೊಳೆದುಕೊಂಡ. ನನಗೆ ಮೈಯೆಲ್ಲ ಉರಿಯಿತು. ಆದರೆ ಜಗಳಕ್ಕೆ ಬೇಕಾದ ಸಾಕ್ಷಿ ಕೈಯಲ್ಲಿರಲಿಲ್ಲ. ಎದ್ದು ಬಂದೆ.

ಹನೂರಿನಲ್ಲಿ ಬಸ್ಸು ಬದಲಿಸಿದೆ. ಪಕ್ಕದಲ್ಲಿ ಕೂತವನು ಕೌದಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟವನು, ಮಾತುಗಾರ. ಹೂಗ್ಯಂಗೆ ಎಂದದ್ದೇ ತಡ, ಕಾವಲುಗಾರನೊಬ್ಬ ಬಾಟಲಿ ಇಟ್ಟುಕೊಂಡು ಬಂಡೆ ಮೇಲೆ ಮಲಗಿದ್ದ ಕತೆ ಶುರು ಮಾಡಿದ. ಬಾಟಲಿಯನ್ನು ನೀವು ನೋಡಿದಿರಾ ಎಂದು ಕೇಳಿದೆ. ಎಲ್ಲರೂ ಹೇಳುತ್ತಾರೆ ಎಂದ. ಅವನು ನಮ್ಮ ಭಾವ ಎಂದೆ. ಆಮೇಲೆ ಕೌದಳ್ಳಿ ಬರುವವರೆಗೂ ಆ ಮನುಷ್ಯ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ಕೌದಳ್ಳಿಯಿಂದ ಮುಂದಕ್ಕೆ ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಬೂಸಾ ಮೂಟೆ ಹೇರಿದ ಗೂಡ್ಸ್ ಆಟೋ ಹತ್ತಿದೆ. ಡ್ರೈವರು ಫೋನಿನಲ್ಲಿ ತಮಿಳು, ನನ್ನ ಹತ್ತಿರ ಕನ್ನಡ, ಗುಂಡಿ ಬಂದಾಗ ಎರಡೂ ಭಾಷೆಯಲ್ಲಿ ಬೈಗುಳ. ಎರಡೂ ಕಡೆ ಗುಡ್ಡಗಳು ಒಣಗಿ ಬೂದಿಯಾಗಿದ್ದವು. ಬಂಡೆಗಳಿಂದ ಏಳುವ ಝಳಕ್ಕೆ ಕಣ್ಣು ಬಿಡಲಾಗುತ್ತಿರಲಿಲ್ಲ.

ಹೂಗ್ಯಂ ಮುಟ್ಟಿದಾಗ ಭಾವ ಜಗಲಿಯ ಮೇಲೆ ಕೂತಿದ್ದ. ಬಾ ಅಂದ, ಅಷ್ಟೇ. ಅಕ್ಕ ಮುದ್ದೆ, ಉಪ್ಸಾರು ಬಡಿಸಿದಳು. ಉಂಡ ಮೇಲೆ ಕ್ಯಾಮೆರಾ ತೆಗೆದು ನೋಡಿದೆ. ಲೆನ್ಸು ಚೊಕ್ಕ, ಬ್ಯಾಟರಿ ಸರಿ, ಚಿತ್ರ ಸ್ಪಷ್ಟ. ಅಂಗಡಿಯವನು ಹೇಳಿದ್ದು ಸುಳ್ಳಲ್ಲ, ಯಂತ್ರಕ್ಕೆ ಏನೂ ಆಗಿರಲಿಲ್ಲ. ಆ ಸಂಜೆ ಬಾಳೆತೋಟದ ಹತ್ತಿರ ಏನು ಕಂಡಿತು, ಇದ್ದದ್ದು ಇದ್ದ ಹಾಗೆ ಹೇಳು ಎಂದು ಭಾವನನ್ನು ಕೇಳಿದೆ.

"ಬಂಡೆ, ಮಣ್ಣು ಬಿಟ್ರೆ ಕರಿದು ಎಲ್ಲೂ ಇರ್ನಿಲ್ಲ ಕಣ್ಲಾ. ಬಾಳೆ ಪಕ್ದಲ್ಲಿ ಒಂದು ಬಿಳೀದು ಇತ್ತು, ನೀರು ನಿಂತಂಗೆ. ಕುಂಟೆ ಅನ್ಕಂಡೆ."

ಕುಂಟೆಯೆಂದರೆ ಸಣ್ಣ ಹೊಂಡ, ಅದರ ನೀರು ತಣ್ಣಗಿರುತ್ತದೆ, ಆ ಬಣ್ಣದಲ್ಲಿ ತಣ್ಣಗಿನದೆಲ್ಲ ಬಿಳಿಯಾಗಿಯೇ ಕಾಣುತ್ತದೆ. ಒಮ್ಮೆ ನನ್ನ ಅಂಗಡಿಯಲ್ಲಿ ಒದ್ದೆ ಕೈಯನ್ನು ಇಂಥದೊಂದು ಕ್ಯಾಮೆರಾಕ್ಕೆ ಹಿಡಿದಾಗ ಬೆರಳುಗಳೆಲ್ಲ ತಣ್ಣಗೆ ಕಂಡದ್ದು ನನಗೆ ನೆನಪಾಯಿತು. ಈ ಬಿಸಿಲಿಗೆ ಆನೆ ಮಧ್ಯಾಹ್ನವೆಲ್ಲ ಎಲ್ಲಿರುತ್ತದೆ ಎಂದು ಕೇಳಿದೆ. ಕಾಡಂಚಿನ ಕೆರೆಯ ಕೆಸರಲ್ಲಿ ಎಂದ ಭಾವ. ಸಂಜೆಗೆ ನೇರ ಅಲ್ಲಿಂದಲೇ ಎದ್ದು ಬರುತ್ತದಂತೆ, ಮೈಯೆಲ್ಲ ಹಸಿ ಕೆಸರು. ಸುತ್ತಲಿನ ಬಂಡೆ, ಮಣ್ಣು ದಿನವಿಡೀ ಕಾದು ಕೆಂಡ. ಅಯ್ಯೋ ಶಿವನೇ, ಆ ಬಿಳಿಯೇ ಆನೆ ಎಂದುಕೊಂಡೆ.

ಅಕ್ಕ ಹೋಗಿ ಊರವರನ್ನು ಕರೆದಳು. ಭಾವ ಕರೆದಿದ್ದರೆ ಬರುತ್ತಿರಲಿಲ್ಲ. ಹೊತ್ತು ಮುಳುಗುವಾಗ ಹತ್ತಾರು ಜನ ಬಂಡೆಯ ಹತ್ತಿರ ಸೇರಿದರು. ಪುಟ್ಟಮ್ಮನ ಗಂಡ ಗುರುಸಿದ್ದನೂ ಬಂದು ದೂರ ನಿಂತ. ಭಾವನ ಎಮ್ಮೆಯನ್ನು ಕೆಳಗಿನ ಕಲ್ಲಿನ ಮುಂದೆ ಕಟ್ಟಿಸಿದೆ. ಕ್ಯಾಮೆರಾದಲ್ಲಿ ಎಮ್ಮೆ ಕಪ್ಪಗೆ ಕಂಡಿತು. ಎಲ್ಲರೂ ನೋಡಿದರು, ಇದರಲ್ಲೇನಿದೆ ಎನ್ನುವ ಮುಖ ಮಾಡಿದರು. ಅದೇ ಎಮ್ಮೆಯನ್ನು ತೊಟ್ಟಿಗೆ ಹೊಡೆದುಕೊಂಡು ಹೋಗಿ ಚೆನ್ನಾಗಿ ನೆನೆಸಿ, ಕೆಸರು ಬಳಿದು, ತಂದು ಅಲ್ಲೇ ಕಟ್ಟಿದೆವು. ಈಗ ಕಾದ ಕಲ್ಲು ಕಪ್ಪು, ಎಮ್ಮೆಯಿದ್ದ ಜಾಗದಲ್ಲಿ ಆಕಾರವಿಲ್ಲದ ಒಂದು ಬಿಳಿ.

ಒಬ್ಬರಾದ ಮೇಲೊಬ್ಬರು ನೋಡಿ ಪಕ್ಕಕ್ಕೆ ಸರಿದರು. ಹಾಗಾದರೆ ಯಾವ ಬಣ್ಣ ಇಟ್ಟುಕೊಳ್ಳಬೇಕು ಎಂದು ಯಾರೋ ಕೇಳಿದರು. ಲಾಕ್ ತೆಗೆದು ಬಿಳಿಗೆ ಹಾಕಿ ತೋರಿಸಿದೆ. ಕಲ್ಲು ಬಿಳಿಯಾಯಿತು, ಎಮ್ಮೆ ಕಲ್ಲಿನ ನೆರಳಿನ ಹಾಗೆ ಕಪ್ಪಾಯಿತು. ಕೆಂಪಿಗೆ ಹಾಕಿದರೆ ಬಂಡೆಯೇ ಕೆಂಪು. ಈ ಹೊತ್ತಿನಲ್ಲಿ ಯಾವ ಬಣ್ಣವನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ, ಬಣ್ಣ ಬದಲಿಸುತ್ತಾ ಅಲುಗುವುದೇನಿದೆ ಎಂದು ನೋಡಬೇಕು, ಇಲ್ಲವೇ ಬಂಡೆ ಆರುವವರೆಗೆ ತೋಟಕ್ಕೆ ಇಳಿಯಬಾರದು ಎಂದೆ. ಮೋಟರಿಗೆ ಕರೆಂಟು ಕೊಡುವುದೇ ಈ ಹೊತ್ತಿಗೆ ಎಂದರು. ಇಷ್ಟನ್ನು ಆ ಅಂಗಡಿಯವನು ಅಂದೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಗೊಂದಲವಂತೆ, ಗೊಂದಲ! ಹಾಳಾಗಿ ಹೋಗಲಿ ಅವನ ವ್ಯಾಪಾರ.

ಕೊನೆಗೆ ಗುರುಸಿದ್ದ ಬಂದ. ನಾನು ಮತ್ತೆ ಕಪ್ಪಿಗೆ ಹಾಕಿಕೊಟ್ಟ ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡಿದ. ಆಮೇಲೆ ನನ್ನ ಕೈಗೆ ವಾಪಸ್ ಕೊಟ್ಟ.

"ಮಾದಪ್ಪ ನೋಡಿದ್ದ ಬುಡಿ. ನಾನಾದ್ರೂ ಟಾರ್ಚ್ ಬೀಸ್ತಿದ್ದೆ."

ಅಷ್ಟು ಹೇಳಿ ಇಳಿದು ಹೋದ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆ ರಾತ್ರಿ ಪಕ್ಕದ ಬೀದಿಯಿಂದ ಯಾರೋ ಬಂದು ಒಂದು ಗೊನೆ ಬಾಳೆಹಣ್ಣು ಇಟ್ಟು ಹೋದರು. ತಿಂಗಳ ಮೇಲೆ ಮನೆಗೆ ಬಂದ ಮೊದಲ ಮನುಷ್ಯರು ಅವರೇ ಎಂದಳು ಅಕ್ಕ. ನಾನು ಗೆದ್ದವನ ಹಾಗೆ ಮಲಗಿದೆ.

ಬೆಳಿಗ್ಗೆ ಅದೇ ಗೂಡ್ಸ್ ಆಟೋ ಸಿಕ್ಕಿತು. ಭಾವ ರಸ್ತೆಯವರೆಗೆ ಬಂದ. ನನಗೆ ಖುಷಿ ತಡೆಯಲಾಗದೆ, ಇನ್ನಾದರೂ ನೆಮ್ಮದಿಯಾಗಿ ಇರು ಭಾವ, ನಿನ್ನ ತಪ್ಪಿಲ್ಲ ಎಂದು ಊರೇ ಒಪ್ಪಿತಲ್ಲ ಎಂದೆ. ಅವನು ಬಾಳೆತೋಟದ ಕಡೆ ಕೈ ತೋರಿಸಿದ.

"ಅಲ್ಲಿ ಕುಂಟೆ ಎಲ್ಲದೆ ತೋರ್ಸು ನೋಡಾಣ."

ನೋಡಿದೆ. ಬಾಳೆ, ಅದರ ಪಕ್ಕ ಕೆಂಪು ಮಣ್ಣು, ಅದರಾಚೆ ಕಾಡು. ಕುಂಟೆ ಇರಲಿಲ್ಲ.

"ನಾನು ಅಲ್ಲೇ ದನ ಮೇಯ್ಸಿ ಬೆಳ್ದೋನು ಕಣ್ಲಾ. ಅಲ್ಲಿ ನೀರು ನಿಂತಿದ್ದು ಯಾವತ್ತೂ ನೋಡಿಲ್ಲ. ಆ ಡಬ್ಬ ಕುಂಟೆ ಅದೆ ಅಂತು, ನಾನು ಊ ಅಂದೆ. ಊರೋರ್ಗೆ ಇದು ಗೊತ್ತಾಗ್ನಿಲ್ಲ, ನಂಗೊತ್ತು."

ಆಟೋ ಹೊರಟಿತು. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಭಾವ ಇನ್ನೂ ಅಲ್ಲೇ ನಿಂತಿದ್ದ, ಮನೆಯ ಕಡೆಗಲ್ಲ, ತೋಟದ ಕಡೆಗೆ ಮುಖ ಮಾಡಿ.