ಬಂದೀಖಾನೆಯೊಳಗೆ ಹೋದ ದ್ರೌಪದಮ್ಮ

ದ್ರೌಪದಮ್ಮ ಮದುವೆಯಾಗಿ ಅಬ್ಬಿಗೆರೆಗೆ ಬಂದ ಹೊಸತರಲ್ಲೇ ಅತ್ತೆ ಸೊಣ್ಣಮ್ಮ ಅವಳ ಸೊಂಟಕ್ಕೊಂದು ಬಿಂದಿಗೆ ಕೊಟ್ಟು ಕೆರೆಯಂಗಳದ ಸಿಹಿನೀರಿನ ಬಾವಿಗೆ ಕರೆದುಕೊಂಡು ಹೋದಳು. ತುಂಬಿದ ಬಿಂದಿಗೆ ಹೊತ್ತು ಹಿಂದಿರುಗುವಾಗ, ದಾರಿಯ ಪಕ್ಕದ ಪಾಳು ಕಲ್ಲುಕಟ್ಟಡವೊಂದರ ಮುಂದೆ ಸೊಣ್ಣಮ್ಮ ನಿಂತಳು. ಬಿಂದಿಗೆ ಬಗ್ಗಿಸಿ, ಗೋಡೆಯ ಬುಡಕ್ಕೆ ಒಂದಿಷ್ಟು ನೀರು ಹೊಯ್ದಳು.

"ನೀನೂ ಉಯ್ಯಮ್ಮ," ಎಂದಳು.

"ಯಾಕತ್ತೆ?"

"ಇದು ಬಂದೀಖಾನೆ. ಯಾವನೋ ಪಾಳೇಗಾರನ ಕಾಲದಾಗೆ ಕೈದಿಗಳ್ನ ಒಳಗಾಕಿ ಬೀಗ ಜಡಿದಿದ್ರಂತೆ. ಯುದ್ಧ ಬಂತು, ಕಾವಲಿನವರು ಓಡೋದ್ರು. ಬಾಗಿಲು ತೆಗೆಯೋರೇ ಇಲ್ಲ. ನೀರು ನೀರು ಅಂತ ಬಾಯಿ ಬಿಟ್ಕೊಂಡು ಒಳಗೇ ಸತ್ರು. ಈಗ್ಲೂ ಅಲ್ಲೇ ಅವ್ರೆ. ನೀರು ಕೊಡದೆ ದಾಟಿದ್ರೆ ಮನೆಗೋಗೋ ಅಷ್ಟರಾಗೆ ಬಿಂದಿಗೆ ಅರ್ಧ ಆಗಿರ್ತದೆ."

ದ್ರೌಪದಮ್ಮ ನೀರು ಹೊಯ್ದಳು. ಒಣಮಣ್ಣು ಅದನ್ನು ಒಂದೇ ಗುಟುಕಿಗೆ ಹೀರಿಕೊಂಡಿದ್ದನ್ನು ಕಂಡು ಅವಳ ಮೈ ಜುಮ್ಮೆಂದಿತು. ಗೋಡೆಯ ಆಚೆ ಯಾರೋ ಬಾಯೊಡ್ಡಿ ಕೂತಿದ್ದಾರೆ ಅನ್ನಿಸಿತು.

ಊರಿನಲ್ಲಿ ಆ ಕಟ್ಟಡದ ಮಾತು ಬೇಕಾದಷ್ಟಿತ್ತು. ಸಂಕೋಲೆ ಎಳೆಯುವ ಸದ್ದು ಕೇಳಿದವರಿದ್ದರು. ಕಂಡಿಯಿಂದ ಚಾಚಿದ ಕೈ ನೋಡಿದೆನೆಂದು ಆಣೆಯಿಟ್ಟು ಹೇಳುವವರಿದ್ದರು. ಕಳೆದುಹೋದ ಕುರಿ ಒಳಗೆ ಅರಚುತ್ತಿದ್ದರೂ ಯಾರೂ ತರಲು ಹೋಗುತ್ತಿರಲಿಲ್ಲ. ದ್ರೌಪದಮ್ಮ ಹೆಚ್ಚು ಮಾತಿನವಳಲ್ಲ. ರಾಗಿ ಹೊಲ, ಎಮ್ಮೆ, ಮಗಳು, ಇಷ್ಟರಲ್ಲೇ ಅವಳ ದಿನ ಮುಗಿಯುತ್ತಿತ್ತು. ಆದರೆ ವರ್ಷಗಳು ಕಳೆದು ಸೊಣ್ಣಮ್ಮ ತೀರಿಕೊಂಡ ಮೇಲೂ, ಎಷ್ಟೇ ಅವಸರವಿದ್ದರೂ ಆ ಗೋಡೆಗೆ ನೀರು ಕೊಡುವುದನ್ನು ಅವಳು ಬಿಡಲಿಲ್ಲ.

ಸಾವಿರದ ಒಂಬೈನೂರ ಐವತ್ತೇಳರ ಬೇಸಿಗೆಯಲ್ಲಿ ಬಂದೀಖಾನೆ ನಿಜವಾಗಿಯೂ ಕೂಗಿತು.

ಮೊದಲು ಕೇಳಿಸಿಕೊಂಡವರು ದನ ಮೇಯಿಸುವವರು. ಮರುದಿನ ಬಾವಿಗೆ ಹೋದ ಹೆಂಗಸರೂ ಕೇಳಿ, ಬಿಂದಿಗೆ ಅಲ್ಲೇ ಬಿಟ್ಟು ಓಡಿ ಬಂದರು. ಸಣ್ಣ, ಒಡೆದ ದನಿ: "ನೀರು... ಅಮ್ಮಾ, ನೀರು..." ಊರಿನವರು ಆ ದಾರಿಯನ್ನೇ ಬಿಟ್ಟು ಹೊಲಗಳ ಮೇಲೆ ಸುತ್ತಿ ಹೋಗತೊಡಗಿದರು. ಶಾಂತಿ ಮಾಡಿಸುವ ಮಾತೂ ನಡೆಯಿತು.

ಮಾರನೆಯ ಮಧ್ಯಾಹ್ನ ದ್ರೌಪದಮ್ಮ ಹಳೆಯ ದಾರಿಯಲ್ಲೇ ಹೊರಟಳು. ಜೊತೆಗೆ ವಾರಗಿತ್ತಿ ಗೋಪಾಲಮ್ಮ ಬಂದಿದ್ದಳು, ಅರ್ಧ ಮನಸ್ಸಿನಿಂದ. ನೀರು ತುಂಬಿಕೊಂಡು ಬಂದೀಖಾನೆಯ ಹತ್ತಿರ ಬಂದಾಗ ದನಿ ಕೇಳಿತು. ಗೋಪಾಲಮ್ಮ ಅವಳ ಸೆರಗು ಹಿಡಿದು ಎಳೆದಳು.

"ಬಾರಕ್ಕ, ಓಗೋಣ. ನಿಲ್ಬೇಡ."

"ಇಷ್ಟ್ ವರ್ಷ ಗೋಡೆಗೆ ಉಯ್ದೆ ಕಣೆ," ಎಂದಳು ದ್ರೌಪದಮ್ಮ. "ಈಗ ಬಾಯ್ಬಿಟ್ಟು ಕೇಳ್ತಾ ಅವ್ರೆ. ಎಂಗೆ ಇಲ್ಲ ಅನ್ನಲಿ?"

ಒಳಗಿರುವುದು ಮನುಷ್ಯನಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಸತ್ತವರಿಗೇ ನೀರು ಕೊಡಲು ಅವಳು ಹೋದದ್ದು. ಸೆರಗು ಬಿಡಿಸಿಕೊಂಡಳು. ತಲೆ ತಗ್ಗಿಸಿ, ಆ ತಗ್ಗು ಬಾಗಿಲನ್ನು ದಾಟಿದಳು.

ಒಳಗೆ ತಂಪಿತ್ತು, ಬಾವಲಿಗಳ ನಾತವಿತ್ತು. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ, ಮೂಲೆಯಲ್ಲಿ ಒಬ್ಬ ಬಿದ್ದಿರುವುದು ಕಂಡಿತು. ಗೋಡೆಯಿಂದ ಜಾರಿದ ಕಲ್ಲಿನ ಕೆಳಗೆ ಅವನ ಕಾಲು ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಬಳೆಯ ಮಲಾರ, ಸುತ್ತಲೂ ಒಡೆದ ಗಾಜಿನ ಚೂರು. ದ್ರೌಪದಮ್ಮ ಕೂತು, ಬೊಗಸೆಯಲ್ಲಿ ನೀರು ಕುಡಿಸಿದಳು. ಅವನು ಕುಡಿದು, ಉಸಿರು ಎಳೆದುಕೊಂಡು, ಅವಳ ಹಿಂದೆ ನೋಡಿದ.

"ಅಜ್ಜ ಎಲ್ಲಮ್ಮ?"

"ಯಾವ ಅಜ್ಜ?"

"ನಂಗೆ ನೀರು ಕುಡಿಸ್ತಿದ್ರಲ್ಲ, ಬೊಗಸೇಲಿ ತಂದು. ಕಾಲಿಗೆ ಕಬ್ಬಿಣ ಹಾಕ್ಕೊಂಡಿದ್ರು, ನಡೆದ್ರೆ ಸದ್ದಾಗೋದು. ಇನ್ನೂ ಬೇಕು ಅಂದೆ. ನನ್ನ ಹತ್ರ ಇಷ್ಟೇ ಇರೋದು ಮಗಾ, ನೀನು ಕೂಗ್ತಾ ಇರು, ಒಬ್ಬಳು ಬರ್ತಾಳೆ ಅಂದ್ರು."

ದ್ರೌಪದಮ್ಮನ ಕೈಯಿಂದ ನೀರು ಸೋರಿಹೋಯಿತು. ಅವಳು ಸುತ್ತ ನೋಡಿದಳು. ನೆಲದ ತುಂಬ ಹಿಟ್ಟಿನಂಥ ಧೂಳು. ಅದರ ಮೇಲೆ ಅವಳ ಹೆಜ್ಜೆ, ಅವನು ಒಳಬಂದ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆಯಿಲ್ಲ. ಆದರೆ ಅವನ ತಲೆಯ ಆಚೆ ಬದಿ, ಅವಳ ನೀರು ತಲುಪದ ಕಡೆ, ಕಲ್ಲು ಒದ್ದೆಯಾಗಿತ್ತು. ಮುಟ್ಟಿ ನೋಡಿದಳು. ಬಾವಿಯಿಂದ ಆಗತಾನೆ ಸೇದಿದ ನೀರಿನಷ್ಟು ತಣ್ಣಗಿತ್ತು. ಕೈ ತನ್ನಷ್ಟಕ್ಕೆ ಮೇಲೆದ್ದು ಮುಗಿಯಿತು.

ದ್ರೌಪದಮ್ಮ ಒಳಗಿನಿಂದ ಕೂಗಿ ಹೇಳಿದ್ದನ್ನು ಕೇಳಿ ಗೋಪಾಲಮ್ಮ ಊರಿಗೆ ಓಡಿದಳು. ಅವಳ ಗಂಡ ಚಿಕ್ಕಮುನಿಯಪ್ಪ ನಾಲ್ಕು ಜನರೊಂದಿಗೆ ಹಾರೆ ಹಿಡಿದು ಬಂದ. ಬಾಗಿಲಲ್ಲಿ ಎಲ್ಲರೂ ನಿಂತುಬಿಟ್ಟರು. "ಮನುಷ್ಯ ಕಣ್ರೋ, ಬನ್ನಿ," ಎಂದು ಒಳಗಿನಿಂದ ದ್ರೌಪದಮ್ಮ ಕರೆದ ಮೇಲೆಯೇ ಒಳಗೆ ಕಾಲಿಟ್ಟದ್ದು. ಕಲ್ಲೆತ್ತಿ, ಅವನನ್ನು ಗಾಡಿಯಲ್ಲಿ ಮಲಗಿಸಿ ಯಲಹಂಕದ ಆಸ್ಪತ್ರೆಗೆ ಕರೆದೊಯ್ದರು. ಅವನ ಹೆಸರು ಖಾದರ್ ಬಾಷಾ. ಹೊಸಕೋಟೆ ಕಡೆಯವನು, ಈ ದಾರಿಗೆ ಹೊಸಬ. ಬಿಸಿಲು ತಡೆಯಲಾರದೆ ನೆರಳಿಗೆಂದು ಒಳಹೊಕ್ಕಿದ್ದ. ಬಂದೀಖಾನೆಯ ಕಥೆ ಅವನಿಗೆ ಯಾರೂ ಹೇಳಿರಲಿಲ್ಲ.

"ಜ್ವರದಾಗೆ ಏನೇನೋ ಕಂಡಿರ್ತದೆ," ಎಂದ ಚಿಕ್ಕಮುನಿಯಪ್ಪ.

"ಇರ್ಬೋದು," ಎಂದಳು ದ್ರೌಪದಮ್ಮ. ಆದರೆ ಆ ದಿನದಿಂದ ಅವಳಿಗೆ ಬೇರೆಯದೇ ಒಂದು ಯೋಚನೆ. ಊರ ಹೆಂಗಸರು ತಲೆತಲಾಂತರದಿಂದ ಹೊಯ್ದ ನೀರನ್ನು ಆ ಬಾಯಾರಿದ ಜೀವ ಕುಡಿದು ಮುಗಿಸಿರಲಿಲ್ಲ, ಇನ್ನೊಬ್ಬನಿಗೆಂದು ಉಳಿಸಿಕೊಂಡಿತ್ತು.

ಖಾದರ್ ಬಾಷಾ ಬದುಕಿದ. ಒಂದು ಕಾಲು ಕುಂಟು. ಪ್ರತಿವರ್ಷ ಗೌರಿ ಹಬ್ಬಕ್ಕೆ ಮೊದಲು ಬಂದು, "ಅಕ್ಕಾ, ಕೈ ಕೊಡಿ," ಎಂದು ದ್ರೌಪದಮ್ಮನಿಗೆ ಹಸಿರು ಬಳೆ ತೊಡಿಸುತ್ತಿದ್ದ. ಆ ಅಜ್ಜನ ಮುಖ ಹೇಗಿತ್ತೆಂದು ಅವಳು ಒಮ್ಮೆ ಕೇಳಿದಳು. ಅವನು ಬಳೆ ಏರಿಸುತ್ತಲೇ, "ಮುಖ ನೆನಪಿಲ್ಲಕ್ಕ. ಕೈ ಮಾತ್ರ ನೆನಪಿದೆ," ಎಂದ.

ಅರವತ್ತೆರಡರ ಸುಮಾರಿಗೆ ರಸ್ತೆ ಕೆಲಸಕ್ಕೆಂದು ಬಂದೀಖಾನೆಯನ್ನು ಕೆಡವಿ ಕಲ್ಲು ಸಾಗಿಸಿದರು. ದ್ರೌಪದಮ್ಮ ದೂರ ನಿಂತು ನೋಡಿದಳು. ಬೇಡಿಯಾಗಲಿ ಮೂಳೆಯಾಗಲಿ ಸಿಗಲಿಲ್ಲ. ಒರತೆಯಿದ್ದೀತೆಂದು ಕೆಲವರು ಅಗೆದು ನೋಡಿದರು. ಆಳದವರೆಗೂ ಒಣ ಗೊರಚು ಮಣ್ಣು.

ಕೆಲವು ವರ್ಷಗಳ ಮೇಲೆ ಅವಳು ಮಗಳ ಮನೆಗೆಂದು ಮತ್ತಿಕೆರೆಗೆ ಹೋಗಿದ್ದಳು. ಸಂಜೆ ಜಗುಲಿಯಲ್ಲಿ ಹೆಂಗಸರೆಲ್ಲ ಅವರೆಕಾಯಿ ಸುಲಿಯುತ್ತಿರುವಾಗ, ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮ ಕಥೆ ತೆಗೆದಳು. ಆ ಕಡೆ ಯಾವುದೋ ಊರಿನಲ್ಲಿ ಒಂದು ಹಳೇ ಜೈಲಿತ್ತಂತೆ. ಒಳಗೆ ಬಳೆಗಾರನೊಬ್ಬ ಸಾಯುತ್ತ ಬಿದ್ದಿದ್ದಾಗ ಬಿಂದಿಗೆ ಹೊತ್ತ ಹೆಂಗಸೊಬ್ಬಳು ಬಂದು ನೀರು ಕೊಟ್ಟಳಂತೆ. ಅವಳು ನೂರು ವರ್ಷದ ಹಿಂದೆ ಆ ಊರಿನ ಬಾವಿಯಲ್ಲಿ ಬಿದ್ದು ಸತ್ತವಳಂತೆ.

ಮಗಳು ಬಾಯಿ ತೆರೆಯುವಷ್ಟರಲ್ಲಿ ದ್ರೌಪದಮ್ಮ ಅವಳ ಮೊಣಕಾಲು ಅದುಮಿ ಸುಮ್ಮನಿರಿಸಿದಳು. ಸುಲಿಯುತ್ತಿದ್ದ ಕೈ ನಿಂತಿತ್ತು, ತೋಳಿನ ರೋಮ ಎದ್ದುನಿಂತಿತ್ತು.

"ಆಮೇಲೇನಾಯ್ತು, ಹೇಳಮ್ಮ," ಎಂದು ಅವಳು ಸುಬ್ಬಲಕ್ಷ್ಮಮ್ಮನ ಹತ್ತಿರಕ್ಕೆ ಸರಿದು ಕೂತಳು.