ಕುಂಕುಮ ಬಳಿದ ಪತಂಗದ ಫೋಟೋ ಹಿಡಿದು ಹಾಸನಕ್ಕೆ

ಅರಕಲಗೂಡಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಹೊಳೆನರಸೀಪುರಕ್ಕೆ ಹತ್ತಾಣೆ. ಜಡಿಮಳೆ, ಕಿಟಕಿಗೆ ಗಾಜಿರಲಿಲ್ಲ, ಸೀರೆಯೆಲ್ಲ ಒದ್ದೆ. ಮಡಿಲಲ್ಲಿದ್ದ ಫೋಟೋ ಮಾತ್ರ ನೆನೆಯಲು ಬಿಡಲಿಲ್ಲ.

ಫೋಟೋ ನಮ್ಮ ಯಜಮಾನರದಲ್ಲ. ಅವರು ಬದುಕಿದ್ದಾಗ ಒಂದೂ ತೆಗೆಸಲಿಲ್ಲ. ಸತ್ತ ಹನ್ನೊಂದನೇ ದಿನ, ತಿಥಿಯ ಹೊತ್ತಿಗೆ, ಅಂಗೈಯಗಲದ ಪತಂಗವೊಂದು ಒಳಗೆ ಬಂದು ಗೋಡೆಗೆ ಕೂತಿತು. ಸತ್ತವರು ಹೀಗೆ ಮನೆ ನೋಡಲು ಬರುತ್ತಾರೆ ಅನ್ನುವುದು ನಮ್ಮಲ್ಲಿ ಮಾತು. ಅಂದೇ ನನ್ನ ಹಣೆಯದನ್ನು ಅಳಿಸಿದ್ದರು. ಭರಣಿಯಲ್ಲಿ ಉಳಿದಿದ್ದ ಕುಂಕುಮವನ್ನು ಪತಂಗದ ಬೆನ್ನಿಗೆ ಬಳಿದು ಕೈಮುಗಿದೆ. ಊಟಕ್ಕೆ ಬಂದಿದ್ದ ಸ್ಟುಡಿಯೋ ಪುಟ್ಟಸ್ವಾಮಿ ಫೋಟೋ ಹೊಡೆದ. ಕಟ್ಟು ಹಾಕಿಸಿ ಯಜಮಾನರ ಫೋಟೋ ಬದಲು ತೂಗುಹಾಕೋಣವೆಂದು ಗೋಡೆಗೆ ಮೊಳೆಯನ್ನೂ ಹೊಡೆಸಿದೆ.

ತಿಂಗಳಾಗುವಷ್ಟರಲ್ಲಿ ನಮ್ಮ ಎಳ್ಳಿನ ಹೊಲಕ್ಕೆ ಬೆರಳುಗಾತ್ರದ ಹುಳ ಬಿತ್ತು. ಆ ಪತಂಗದ ಮರಿಯೇ ಇರಬಹುದು ಎಂದ ಪುಟ್ಟಸ್ವಾಮಿ. ಹುಳ ಕೊಲ್ಲಲು ಹೋದ ಮಗ ರಾಜನನ್ನು ತಡೆದೆ.

"ಅಪ್ಪಯ್ಯ ಎಳ್ಳು ತಿನ್ನಕ್ಕೆ ಬಂದವ್ನೆ ಅಂತೀಯೇನವ್ವಾ? ನಾಳೆ ಸಂಜೆಗಂಟ ಕಾಯ್ತೀನಿ. ಆಮೇಲೆ ಒಂದೂ ಬಿಡಕಿಲ್ಲ ನೋಡು."

ಪುಟ್ಟಸ್ವಾಮಿಗೆ ಪತಂಗದ ಹುಚ್ಚು. ಅದೇ ಹುಚ್ಚಿನ ಇಬ್ಬರಿಗೆ ಅಂಚೆಯಲ್ಲಿ ಫೋಟೋ ಕಳಿಸಿ ಹೆಸರು ಕೇಳುತ್ತಾನೆ. ಅಂಚೆಗೆ ಕಾಯುವ ಹೊತ್ತಲ್ಲವಲ್ಲ, ಇದು ಯಾವ ಪತಂಗ, ಹುಳ ಇದರ ಮರಿಯೇ ಹೌದೋ ಎಂದು ಕೇಳಲು ನಾನೇ ಹೊರಟೆ.

ಮೊದಲನೆಯವರು ಹೊಳೆನರಸೀಪುರದ ಒಬ್ಬ ಮೇಷ್ಟ್ರು. ಫೋಟೋ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು.

"ಬೆನ್ನು ಪೂರ್ತಿ ಕಪ್ಪು! ಇಂಥದ್ದು ನಾನು ಕಂಡೇ ಇಲ್ಲ. ಹೊಸ ಜಾತಿ ಕಣಮ್ಮಾ ಇದು!"

ಹೊಸ ಜಾತಿಯ ಆಸೆಗೆ ರಜೆ ಬರೆದಿಟ್ಟು ನನ್ನ ಜೊತೆಗೇ ರೈಲು ಹತ್ತಿದರು. ಅವರ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನಕ್ಕೆ ಉಪ್ಪು ಕಮ್ಮಿ.

ಹಾಸನದಲ್ಲಿ ಎರಡನೆಯವರು, ಆಸ್ಪತ್ರೆಯ ನರ್ಸಮ್ಮ, ಭೂತಗನ್ನಡಿ ಹಿಡಿದು ನೋಡಿದರು.

"ಮುಟ್ಟಿದಾಗ ಸದ್ದು ಮಾಡ್ತಾ?"

"ಕಿರ್ ಅಂತು, ಇಲಿ ಮರಿ ಹಂಗೆ."

"ಮುಟ್ಟಿದ್ದಾದ್ರೂ ಯಾಕೆ?"

"ಕುಂಕುಮ ಇಡಕ್ಕೆ."

ನರ್ಸಮ್ಮ ನಕ್ಕರು. "ಮೇಷ್ಟ್ರೇ, ನಿಮ್ಮ ಹೊಸ ಜಾತಿ ಕುಂಕುಮದ ಭರಣೀಲಿದೆ! ಕಪ್ಪು-ಬಿಳುಪು ಫೋಟೋದಲ್ಲಿ ಕೆಂಪು ಕಪ್ಪಾಗಿ ಬಂದಿದೆ."

ಅವರ ಆಲ್ಬಮ್ಮಿನಲ್ಲಿ ಅದೇ ಪತಂಗ ಇತ್ತು. ಬೆನ್ನ ಮೇಲೆ ತಲೆಬುರುಡೆಯಂಥ ಗುರುತು. ನಾನು ಕುಂಕುಮದಲ್ಲಿ ಮುಚ್ಚಿದ್ದು ಅದನ್ನೇ. ಹೆಸರು ತಲೆಬುರುಡೆ ಪತಂಗ. ಹೊಲದಲ್ಲಿರುವುದು ಇದರ ಮರಿಯೇ, ಎಳ್ಳೆಂದರೆ ಬಿಡುವುದಿಲ್ಲ ಎಂದರು.

ಹುಳ ಪತಂಗವಾಗಲು ಎಷ್ಟು ದಿನ ಎಂದು ಕೇಳಿದೆ. ಮೂರು ವಾರ ಎಲೆ ತಿಂದು, ಇನ್ನೆರಡು ಮೂರು ವಾರ ಮಣ್ಣಿನಲ್ಲಿರುತ್ತದಂತೆ. ಪತಂಗ ಮನೆಗೆ ಬಂದದ್ದು ಸತ್ತ ಹನ್ನೊಂದನೇ ದಿನ, ಲೆಕ್ಕ ಹಾಕಿದೆ. ಯಜಮಾನರು ಜಗಲಿಯಲ್ಲಿ ಬೀಡಿ ಸೇದುತ್ತಾ ಕೂತಿದ್ದಾಗಲೇ ಇದು ಯಾರದೋ ಹೊಲದಲ್ಲಿ ಎಲೆ ತಿನ್ನುತ್ತಿತ್ತು.

"ಹಂಗಾರೆ ಇದು ಅವರಲ್ಲ," ಎಂದೆ.

ನರ್ಸಮ್ಮನ ನಗು ನಿಂತಿತು. "ನೀರು ತರ್ಲಾ ಅಮ್ಮಾ?"

"ಕಾಪಿ ಇದ್ರೆ ಕೊಡಿ."

ಕಾಪಿ ಕುಡಿದು, ಫೋಟೋ ಅವರಿಗೇ ಕೊಟ್ಟೆ. ಆಲ್ಬಮ್ಮಿಗೆ ಅಂಟಿಸಿ ಕೆಳಗೆ ಹೆಸರು ಬರೆದರು. ಮೇಷ್ಟ್ರು ನನ್ನನ್ನು ಊರಿನ ಬಸ್ಸಿಗೆ ಹತ್ತಿಸಿ ರೈಲಿಗೆ ಹೋದರು, ಪಾಪ.

ಸಂಜೆಗೆ ಊರು ಸೇರಿದೆ. ಮಳೆ ಬಿಟ್ಟಿತ್ತು. ರಾಜ ಹೊಲದ ಬದುವಿನಲ್ಲಿ ಡಬ್ಬ ಹಿಡಿದು ನಿಂತಿದ್ದ.

"ಏನಂದ್ರವ್ವಾ?"

"ನಿಮ್ಮಪ್ಪ ಅಲ್ವಂತೆ. ತತ್ತಾ ಡಬ್ಬ, ಹುಳ ಆಯುವಾ."

ಕಣ್ಣು ಕಾಣುವಷ್ಟು ಹೊತ್ತು ಆಯ್ದೆವು. ಮನೆಗೆ ಬಂದು, ಫೋಟೋಗೆಂದು ಹೊಡೆಸಿದ್ದ ಮೊಳೆಗೆ ಯಜಮಾನರ ಟವಲು ನೇತುಹಾಕಿದೆ. ಮೊಳೆ ಯಾಕೆ ಸುಮ್ಮನಿರಬೇಕು?